ಅಪ್ಪ ಅಮ್ಮನ ಜೊತೆ ಝಯಾನ್‌ಗೆ: ಪ್ಲಾನ್ ಮಾಡಿದ ಕಥೆ

ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಎಂದು ಹಠ ಹಿಡಿದವನು ನನ್ನ ತಮ್ಮ. ಅವನಿಗೆ ಬೇಕಿದ್ದದ್ದು ಏಂಜಲ್ಸ್ ಲ್ಯಾಂಡಿಂಗ್. ಎರಡೂ ಕಡೆ ಪ್ರಪಾತ ಇರುವ ಕಿರಿದಾದ ಬಂಡೆಯ ಮೇಲೆ ಸರಪಳಿ ಹಿಡಿದು ಹತ್ತುವ ದಾರಿ ಅದು. ನನಗೆ ಬೇಕಿದ್ದದ್ದು ನ್ಯಾರೋಸ್. ಅಲ್ಲಿ ದಾರಿಯೇ ಇಲ್ಲ, ನದಿಯೊಳಗೇ ನಡೆಯಬೇಕು. ಅಮ್ಮ ಕೇಳಿದ್ದು ನೆರಳು, ಕೂರಲು ಬೆಂಚು, ಹತ್ತಿರದಲ್ಲಿ ಶೌಚಾಲಯ. ಅಪ್ಪ ಮಾತ್ರ "ನೀವ್ ಎಲ್ಲಿ ಕರ್ಕೊಂಡ್ ಹೋಗ್ತೀರಿ, ಅಲ್ಲಿಗೆ" ಎಂದರು. ಅಂದರೆ ಅವರಿಗೆ ಏನು ಇಷ್ಟ ಅಂತ ನಾವೇ ಕಂಡುಹಿಡಿಯಬೇಕು.

ಅಪ್ಪ ಅಮ್ಮ ಬಾದಾಮಿ ಕಡೆಯವರು. ಬಿಸಿಲು ಅವರಿಗೆ ಹೊಸದಲ್ಲ. ಆದರೆ ಇಬ್ಬರಿಗೂ ಮಂಡಿ ನೋವು. ಆರು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದಿದ್ದರು, ಅಕ್ಟೋಬರ್‌ನಲ್ಲಿ ವಾಪಸ್ಸು. ನಾವು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಪಾರ್ಕ್ ಇರುವುದು ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿ. ನಡುವೆ ಲಾಸ್ ವೇಗಸ್. ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು ಎಂದು ಮೊದಲೇ ತೀರ್ಮಾನವಾಯಿತು. ಅದರ ಬಗ್ಗೆ ಜಾಸ್ತಿ ಚರ್ಚೆಯೇ ಆಗಲಿಲ್ಲ.

ಚರ್ಚೆ ಶುರುವಾಗಿದ್ದು ತಿಂಗಳ ಬಗ್ಗೆ. ಜೂನ್, ಜುಲೈನಲ್ಲಿ ಅಲ್ಲಿ ಬಿಸಿಲು ಸುಲಭವಾಗಿ 38 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಜನ ಕಡಿಮೆ, ಆದರೆ ದಾರಿಗಳ ಮೇಲೆ ಮಂಜುಗಡ್ಡೆ ಇರುತ್ತದೆ. ವಸಂತ ಚೆನ್ನಾಗಿರುತ್ತೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೇಲಿನ ಬೆಟ್ಟಗಳ ಹಿಮ ಕರಗಿ ವರ್ಜಿನ್ ನದಿ ತುಂಬಿ ಹರಿಯುವುದು ಆಗಲೇ. ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ, ಅಂದರೆ ಸುಮಾರು 4,250 ಲೀಟರ್ ದಾಟಿದರೆ, ನ್ಯಾರೋಸ್ ಮುಚ್ಚುತ್ತಾರೆ. ಹಿಮ ಜಾಸ್ತಿ ಬಿದ್ದ ವರ್ಷ ಅದು ವಾರಗಟ್ಟಲೆ ಮುಚ್ಚಿರುತ್ತದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ತಲೆನೋವು, ಮಾನ್ಸೂನ್. ಹೌದು, ಅಮೆರಿಕದ ಆ ಮರುಭೂಮಿಗೂ ಮಾನ್ಸೂನ್ ಇದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗುಡುಗು ಮಳೆ, ಕಣಿವೆಯಲ್ಲಿ ದಿಢೀರ್ ಪ್ರವಾಹ. ಎಲ್ಲ ಅಳೆದು ಸುರಿದು ಸೆಪ್ಟೆಂಬರ್ ಕೊನೆ ಎಂದಾಯಿತು. ನದಿ ಇಳಿದಿರುತ್ತದೆ, ಬಿಸಿಲು ಸ್ವಲ್ಪ ತಣ್ಣಗಾಗಿರುತ್ತದೆ, ಮಾನ್ಸೂನ್ ಬಾಲ ಮಾತ್ರ ಉಳಿದಿರುತ್ತದೆ. ಬಾಲವೂ ಹೊಡೆಯಬಹುದು ಅನ್ನುವುದು ಬೇರೆ ಮಾತು.

ಒಂದು ಹಾಳೆಯಲ್ಲಿ ನೋಡಬೇಕಾದ ಜಾಗಗಳನ್ನು ಬರೆಯುತ್ತಾ ಹೋದೆವು. ಬರೆದಷ್ಟೂ ಒಂದು ವಿಷಯ ಕಾಣತೊಡಗಿತು. ಏನೇನು ನೋಡಬೇಕು ಎಂದು ನಾವು ಹೇಳಬಹುದು. ಯಾವತ್ತು ನೋಡಬಹುದು ಎಂದು ಹೇಳುವವರು ಬೇರೆ: ಲಾಟರಿ, ನದಿ, ಬಸ್ಸು. ಹಾಗಾಗಿ ಹಾಳೆಯ ಮಧ್ಯೆ ಗೆರೆ ಎಳೆದೆವು. ಎಡಗಡೆ, ಯಾರಾದರೂ 'ಇವತ್ತು ಆಗಲ್ಲ' ಎನ್ನಬಹುದಾದ ಜಾಗಗಳು. ಬಲಗಡೆ, ಯಾವಾಗ ಬೇಕಾದರೂ ಹೋಗಬಹುದಾದವು. ಎಡಗಡೆಯ ಯಾವುದಕ್ಕೂ ದಿನಾಂಕ ಬರೆಯಬಾರದು ಎಂದು ನಾನು ನಿಯಮ ಹಾಕಿದೆ. ಎಕ್ಸೆಲ್‌ನಲ್ಲಿ ಗಂಟೆಗಂಟೆಯ ಲೆಕ್ಕ ಹಾಕುವ ತಮ್ಮನಿಗೆ ಇದು ಸುತರಾಂ ಇಷ್ಟವಾಗಲಿಲ್ಲ.

ಮೊದಲು ಲಾಟರಿ. ಏಂಜಲ್ಸ್ ಲ್ಯಾಂಡಿಂಗ್‌ನಲ್ಲಿ ಜನ ಸರಪಳಿ ಹಿಡಿಯಲು ಸಾಲುಗಟ್ಟಿ ನಿಲ್ಲುವಂತಾದ ಮೇಲೆ, 2022ರ ಏಪ್ರಿಲ್ 1ರಿಂದ ಅಲ್ಲಿ ಹತ್ತಲು ಪರ್ಮಿಟ್ ಕಡ್ಡಾಯವಾಗಿದೆ. ಪರ್ಮಿಟ್ ಸಿಗುವುದು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ, ಚೀಟಿ ಎತ್ತಿದ ಹಾಗೆ. ಎರಡು ದಾರಿಗಳಿವೆ. ಒಂದು ಋತುವಿನ ಲಾಟರಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ದಿನಗಳಿಗೆ ಜುಲೈನಲ್ಲೇ ಅರ್ಜಿ ಹಾಕಬೇಕು. ನಿಮಗೆ ಬೇಕಾದ ದಿನ ಮತ್ತು ಹೊತ್ತನ್ನು ಇಷ್ಟದ ಕ್ರಮದಲ್ಲಿ ಕೊಡಬಹುದು. ಬೆಳಿಗ್ಗೆ 9ರ ಒಳಗೆ, 9ರಿಂದ ಮಧ್ಯಾಹ್ನ, ಮಧ್ಯಾಹ್ನದ ನಂತರ ಎಂದು ಹೊತ್ತನ್ನು ಮೂರು ಮಾಡಿದ್ದಾರೆ. ಇನ್ನೊಂದು ಹಿಂದಿನ ದಿನದ ಲಾಟರಿ. ಹತ್ತುವ ಹಿಂದಿನ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಹಾಕಿದರೆ 4 ಗಂಟೆಗೆ ಫಲಿತಾಂಶ. ಎರಡಕ್ಕೂ ಅರ್ಜಿಗೆ 6 ಡಾಲರ್. ಒಂದೇ ಅರ್ಜಿಯಲ್ಲಿ 6 ಜನರವರೆಗೆ ಸೇರಿಸಬಹುದು. ಸಿಕ್ಕರೆ ತಲೆಗೆ 3 ಡಾಲರ್ ಜಾಸ್ತಿ. ಸಿಗದಿದ್ದರೆ ಆ 6 ಡಾಲರ್ ವಾಪಸ್ಸು ಬರುವುದಿಲ್ಲ.

ಜುಲೈನಲ್ಲಿ ತಮ್ಮ ಅರ್ಜಿ ಹಾಕಿದ. ಸಿಗಲಿಲ್ಲ. ಅವನ ಮುಖ ನೋಡಿ ಅಮ್ಮ, "ಹೋಗ್ಲಿ ಬಿಡು, ಒಳ್ಳೇದ ಆತು" ಎಂದರು. ಅಷ್ಟರಲ್ಲಿ ಅವರು ಯಾವುದೋ ವಿಡಿಯೋದಲ್ಲಿ ಆ ಸರಪಳಿ ದಾರಿ ನೋಡಿಯಾಗಿತ್ತು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಅಲ್ಲಿಂದ ಬಿದ್ದು ಸತ್ತವರಿದ್ದಾರೆ, ಪಾರ್ಕ್‌ನವರೇ ಬೋರ್ಡ್ ಹಾಕಿ ಎಚ್ಚರಿಸುತ್ತಾರೆ.

ವಸತಿ ಹುಡುಕುವುದು ಇನ್ನೊಂದು ಕೆಲಸ. ಪಾರ್ಕ್ ಒಳಗೆ ಇರುವುದು ಝಯಾನ್ ಲಾಡ್ಜ್ ಒಂದೇ. ನಾವು ನೋಡುವಷ್ಟರಲ್ಲಿ ಅದು ತುಂಬಿಹೋಗಿತ್ತು. ದಕ್ಷಿಣ ಬಾಗಿಲಿಗೆ ಅಂಟಿಕೊಂಡಂತೆ ಸ್ಪ್ರಿಂಗ್‌ಡೇಲ್ ಎಂಬ ಪುಟ್ಟ ಊರಿದೆ. ಬಾಡಿಗೆ ಕಣ್ಣು ಕುಕ್ಕುವಷ್ಟು. ಸ್ವಲ್ಪ ದೂರದ ಹರಿಕೇನ್, ಲಾ ವರ್ಕಿನ್ ಊರುಗಳಲ್ಲಿ, ಇನ್ನೂ ಆಚೆ ಸೇಂಟ್ ಜಾರ್ಜ್‌ನಲ್ಲಿ ಕಡಿಮೆಗೆ ಸಿಗುತ್ತದೆ. ನಾವು ದುಡ್ಡು ಕೊಟ್ಟು ಸ್ಪ್ರಿಂಗ್‌ಡೇಲ್‌ನಲ್ಲೇ ಇಳಿದುಕೊಂಡೆವು. ಕಾರಣ ಬಸ್ಸು.

ಝಯಾನ್‌ಗೆ ವರ್ಷಕ್ಕೆ 50 ಲಕ್ಷದ ಹತ್ತಿರ ಜನ ಬರುತ್ತಾರೆ. ಬಂದವರಲ್ಲಿ ಬಹುಪಾಲು ಜನಕ್ಕೆ ಬೇಕಾಗಿರುವುದು ಒಂದೇ ಇಕ್ಕಟ್ಟಾದ ಕಣಿವೆ, ಅದಕ್ಕೆ ಇರುವುದು ಒಂದೇ ರಸ್ತೆ. ಅದಕ್ಕೇ 2000ನೇ ಇಸವಿಯಲ್ಲಿ ಷಟಲ್ ಬಸ್ಸು ಶುರು ಮಾಡಿದರು. ವಸಂತದಿಂದ ಶರತ್ಕಾಲ ಮುಗಿಯುವವರೆಗೆ, ಬಸ್ಸು ಓಡುವ ದಿನಗಳಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಬಸ್ಸಿಗೆ ಟಿಕೆಟ್ ಇಲ್ಲ, ಪುಕ್ಕಟೆ. ವಿಸಿಟರ್ ಸೆಂಟರ್‌ನಿಂದ ಕಣಿವೆಯ ತುದಿಯ ಟೆಂಪಲ್ ಆಫ್ ಸಿನವಾವ ಎಂಬ ಜಾಗದವರೆಗೆ ಒಂಬತ್ತು ನಿಲ್ದಾಣ. ಊರೊಳಗೆ ಓಡುವ ಇನ್ನೊಂದು ಬಸ್ಸೂ ಪುಕ್ಕಟೆಯೇ, ಅದು ಹೋಟೆಲುಗಳಿಂದ ಪಾರ್ಕ್ ಬಾಗಿಲಿಗೆ ತಂದು ಬಿಡುತ್ತದೆ. ದೂರದಲ್ಲಿ ಉಳಿದವರು ವಿಸಿಟರ್ ಸೆಂಟರ್‌ನ ಪಾರ್ಕಿಂಗ್ ತುಂಬುವ ಮೊದಲು ಬಂದು ಸೇರಬೇಕು. ಜನ ಜಾಸ್ತಿ ಇರುವ ದಿನಗಳಲ್ಲಿ ಬೆಳಿಗ್ಗೆಯೇ ಅದು ತುಂಬಿರುತ್ತದೆ. ಮಂಡಿ ನೋವಿನ ಇಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಜಾಗ ಹುಡುಕುತ್ತಾ ಸುತ್ತುವುದಕ್ಕಿಂತ ಹೋಟೆಲಿಗೆ ನಾಲ್ಕು ಕಾಸು ಜಾಸ್ತಿ ಕೊಡುವುದೇ ವಾಸಿ, ಅಲ್ವಾ?

ಪ್ರವೇಶ ಶುಲ್ಕದ ಬಗ್ಗೆ ಒಂದು ಮಾತು. ನಾವು ಹೋದಾಗ ಒಂದು ಕಾರಿಗೆ 35 ಡಾಲರ್, ಏಳು ದಿನಕ್ಕೆ. ಬ್ರೈಸ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಕೂಡ ನೋಡುವುದಿದ್ದರಿಂದ 80 ಡಾಲರ್ ಕೊಟ್ಟು ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ನಡೆಯುವ ವಾರ್ಷಿಕ ಪಾಸ್ ತೆಗೆದುಕೊಂಡೆವು. ಈಗ ಲೆಕ್ಕ ಬದಲಾಗಿದೆ. 2026ರ ಜನವರಿ 1ರಿಂದ, ಝಯಾನ್ ಸೇರಿ 11 ಉದ್ಯಾನಗಳಲ್ಲಿ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲಿನವರಿಗೆ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹಾಕಿದ್ದಾರೆ. ಅವರ ವಾರ್ಷಿಕ ಪಾಸ್‌ಗೆ 250 ಡಾಲರ್. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಸುತ್ತಿಸುವ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಹೊರಡುವ ಮೊದಲು ಪಾರ್ಕ್‌ನ ಅಧಿಕೃತ ತಾಣದಲ್ಲಿ ನಿಯಮ ಓದಿಕೊಳ್ಳಿ.

ಅಡುಗೆಯ ಪ್ಲಾನ್ ಪೂರ್ತಿ ಅಮ್ಮನದು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ. ಒಣ ಹವೆಯಲ್ಲಿ ಇವು ಯಾವುದೂ ಕೆಡುವುದಿಲ್ಲ. ಪಾರ್ಕ್ ಒಳಗೆ ಊಟ ಸಿಗುವುದು ಲಾಡ್ಜ್ ಹತ್ತಿರ ಮಾತ್ರ. ಸಸ್ಯಾಹಾರಿಗಳಿಗೆ ಅಲ್ಲಿ ಆಯ್ಕೆ ಕಡಿಮೆ. ರೊಟ್ಟಿ ಗಂಟು ಬಿಚ್ಚಿದ ಕಡೆಯಲ್ಲೆಲ್ಲ ಅಳಿಲುಗಳು ಬಂದು ಸುತ್ತುವರಿಯುತ್ತಿದ್ದವು. ನಮ್ಮ ಕಡೆಯ ಮೂರು ಗೆರೆಯ ಅಳಿಲಲ್ಲ, ದಪ್ಪ ದಪ್ಪ ಕಲ್ಲಳಿಲು. ಅಂಜಿಕೆ ಎಂಬುದೇ ಇಲ್ಲ. ಅವಕ್ಕೆ ತಿನ್ನಿಸಿದರೆ ದಂಡ, ಮತ್ತು ಅವು ಕಚ್ಚುತ್ತವೆ. ಅಮ್ಮನ ಕೈ ತಡೆಯುವುದೇ ದೊಡ್ಡ ಕೆಲಸವಾಯಿತು.

ವೇಗಸ್‌ನಿಂದ ಹೊರಟ ದಿನ ಅಂತರರಾಜ್ಯ ಹೆದ್ದಾರಿ 15 ಹಿಡಿದೆವು. ಸುಮಾರು 160 ಮೈಲಿ. ನೆವಾಡಾ ದಾಟಿ, ಅರಿಝೋನಾದ ಒಂದು ಮೂಲೆ ಸವರಿಕೊಂಡು ಯೂಟಾ ಸೇರುತ್ತದೆ. ಆ ಮೂಲೆಯಲ್ಲಿ ರಸ್ತೆ ಒಂದು ಕಮರಿಯೊಳಗೆ ನುಗ್ಗುತ್ತದೆ. ಅದನ್ನು ಕೊರೆದದ್ದು ವರ್ಜಿನ್ ನದಿಯೇ, ಮುಂದೆ ಝಯಾನ್‌ನಲ್ಲಿ ಸಿಗುವ ಅದೇ ನದಿ. ಯೂಟಾ ಸೇರಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಲಾಟರಿಯ 3 ಗಂಟೆ ಗಡುವು ಯೂಟಾದ ಗಂಟೆ, ವೇಗಸ್‌ನದಲ್ಲ. ತಮ್ಮ ಅದನ್ನು ಫೋನಿನ ಅಲಾರಂಗೆ ಮೊದಲೇ ಹಾಕಿಕೊಂಡಿದ್ದ. ಅವನ ಎಕ್ಸೆಲ್ ಅಲ್ಲಿ ಕೆಲಸಕ್ಕೆ ಬಂತು.

ಮಾರನೆಯ ಬೆಳಿಗ್ಗೆ ನಾನು ನ್ಯಾರೋಸ್‌ಗೆ ಹೋಗಬೇಕು ಎಂದುಕೊಂಡಿದ್ದೆ. ಆದರೆ ಹೊರಡುವ ಮೊದಲು ನೋಡಬೇಕಾದ ಒಂದು ಪುಟ ಇದೆ. ಆ ದಿನ ದಿಢೀರ್ ಪ್ರವಾಹ ಬರುವ ಸಾಧ್ಯತೆ ಎಷ್ಟು ಎಂದು ಹವಾಮಾನ ಇಲಾಖೆ ನಾಲ್ಕು ಮಟ್ಟದಲ್ಲಿ ಹೇಳುತ್ತದೆ: ನಿರೀಕ್ಷೆ ಇಲ್ಲ, ಆಗಬಹುದು, ಆಗುವ ಸಂಭವ ಜಾಸ್ತಿ, ಆಗೇ ಆಗುತ್ತದೆ. ಅವತ್ತು ಮೂರನೆಯದು. ಹೊರಗೆ ನೋಡಿದರೆ ನೀಲಿ ಆಕಾಶ. ಅಪ್ಪ ಹೋಟೆಲ್ ಅಂಗಳದಲ್ಲಿ ನಿಂತು ತಲೆ ಎತ್ತಿ, "ಒಂದ್ ಮೋಡನೂ ಇಲ್ಲಲ್ಲೋ, ಮಳಿ ಎಲ್ಲಿಂದ ಬರ್ತದ?" ಎಂದರು.

ಇದೇ ಪ್ರಶ್ನೆಯನ್ನು ವಿಸಿಟರ್ ಸೆಂಟರ್‌ನಲ್ಲಿ ರೇಂಜರ್ ಒಬ್ಬರಿಗೆ ಕೇಳಿದೆವು. ಅವರು ನಕ್ಷೆಯ ಮೇಲೆ ಕೈ ಇಟ್ಟು ತೋರಿಸಿದರು. ಕಣಿವೆ ಇರುವುದು ಇಲ್ಲಿ, ನೀರು ಬರುವುದು ಎಷ್ಟೋ ಮೈಲಿ ಆಚೆಯ ಪ್ರಸ್ಥಭೂಮಿಯಿಂದ. ಅಲ್ಲಿ ಬೆಟ್ಟವೆಲ್ಲ ಬರೀ ಬಂಡೆ. ಮಣ್ಣು ಕಡಿಮೆ, ಗಿಡ ಕಡಿಮೆ. ಜೋರಾಗಿ ಬಿದ್ದ ಮಳೆ ಇಂಗುವುದಿಲ್ಲ, ಸೀದಾ ಜಾರಿ ಕೆಳಗೆ ಬರುತ್ತದೆ. ನ್ಯಾರೋಸ್‌ನಲ್ಲಿ ಕೆಲವು ಕಡೆ ಗೋಡೆಯಿಂದ ಗೋಡೆಗೆ ನದಿ ಬಿಟ್ಟು ಬೇರೇನೂ ಇಲ್ಲ, ಹತ್ತಿ ನಿಲ್ಲಲು ದಡವೇ ಇಲ್ಲ. ಎಚ್ಚರಿಕೆ ಹೊರಟರೆ ಆ ದಾರಿ ಮುಚ್ಚುತ್ತಾರೆ. ಎಚ್ಚರಿಕೆ ತೆಗೆದ ಎರಡು ಗಂಟೆಯ ನಂತರವೇ ಮತ್ತೆ ತೆರೆಯುವುದು. ಆದರೆ ಬರೀ 'ಸಂಭವ ಜಾಸ್ತಿ' ಎಂದಿರುವಾಗ ಬಾಗಿಲು ತೆರೆದೇ ಇರುತ್ತದೆ. ಹೋಗುವುದು ಬಿಡುವುದು ನಿಮ್ಮ ಜವಾಬ್ದಾರಿ ಎನ್ನುತ್ತಾರೆ. 2015ರ ಸೆಪ್ಟೆಂಬರ್ 14ರಂದು ಇದೇ ಪಾರ್ಕ್‌ನ ಕೀಹೋಲ್ ಕ್ಯಾನ್ಯನ್ ಎಂಬ ಸಣ್ಣ ಸೀಳಿನಲ್ಲಿ ಏಳು ಜನ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡರು. ಅದನ್ನು ಓದಿದ ಮೇಲೆ ನನಗೆ ಯೋಚನೆ ಮಾಡಲು ಏನೂ ಉಳಿದಿರಲಿಲ್ಲ. ಹಾಳೆಯ ಬಲಗಡೆಯಿಂದ ಒಂದನ್ನು ಎತ್ತಿಕೊಂಡೆವು.

ಎತ್ತಿಕೊಂಡದ್ದು ಪಾರೂಸ್ ಟ್ರೇಲ್. ಸಮತಟ್ಟು, ಡಾಂಬರು ಹಾಕಿದ ದಾರಿ, ನದಿಯ ಪಕ್ಕದಲ್ಲೇ. ಒಂದು ಕಡೆಗೆ 1.7 ಮೈಲಿ. ವೀಲ್‌ಚೇರ್ ಹೋಗುತ್ತದೆ, ಸೈಕಲ್ ಹೋಗುತ್ತದೆ. ಅಮ್ಮ ಪೂರ್ತಿ ನಡೆದರು. ಇಂಥ ಜಾಗವನ್ನು 'ಸಮಯ ಉಳಿದರೆ' ಎಂದು ಬರೆಯುವವರೇ ಹೆಚ್ಚು. ಅದು ನನಗೆ ಸರಿ ಕಾಣುವುದಿಲ್ಲ. ಅಲ್ಲಿಂದ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಸುಮ್ನೆ ಕೂತು ಹೋದೆವು. ಬಸ್ಸಿನ ಕಿಟಕಿಯಿಂದಲೇ ಅರ್ಧ ಝಯಾನ್ ಕಾಣುತ್ತದೆ.

ಅಪ್ಪನಿಗೆ ಏನು ಇಷ್ಟ ಎಂದು ಗೊತ್ತಾಗಿದ್ದು ಆ ಬಸ್ಸಿನಲ್ಲಿ. ಕೆಂಪು ಗೋಡೆಗಳನ್ನು ನೋಡುತ್ತಾ ನೋಡುತ್ತಾ, "ಇದ ನಮ್ಮ ಬಾದಾಮಿ ಕಲ್ಲ ಅಲ್ಲೇನು?" ಎಂದರು. ಬಣ್ಣ ನೋಡಿದರೆ ಹಾಗೇ ಅನ್ನಿಸುತ್ತದೆ. ಎರಡೂ ಮರಳುಗಲ್ಲೇ. ಝಯಾನ್‌ನದು ನವಾಹೋ ಮರಳುಗಲ್ಲು, ಸುಮಾರು 18 ಕೋಟಿ ವರ್ಷ ಹಿಂದೆ ಇಲ್ಲಿ ಹರಡಿದ್ದ ಮರಳು ದಿಬ್ಬಗಳೇ ಗಟ್ಟಿಯಾಗಿ ಆದದ್ದು. ಗಾಳಿ ಮರಳನ್ನು ತಳ್ಳಿದ ಓರೆ ಗೆರೆಗಳು ಬಂಡೆಯ ಮೇಲೆ ಈಗಲೂ ಕಾಣುತ್ತವೆ. ಕೆಲವು ಕಡೆ ಗೋಡೆಯ ಎತ್ತರ 2,000 ಅಡಿ. ಬಾದಾಮಿಯ ಕಲ್ಲು ಇದಕ್ಕಿಂತ ಹಲವು ಪಟ್ಟು ಹಳೆಯದು ಎಂದಾಗ ಅಪ್ಪನಿಗೆ ಖುಷಿಯೋ ಖುಷಿ. ಆಮೇಲೆ ಎಲ್ಲಿ ಹೋದರೂ ಬಂಡೆ ಮುಟ್ಟಿ ನೋಡುವುದೇ ಕೆಲಸ. ನಮ್ಮ ಪ್ಲಾನ್ ಸ್ವಲ್ಪ ತಿದ್ದಿದೆವು. ವೀಪಿಂಗ್ ರಾಕ್ ನಿಲ್ದಾಣ ಬಂದಾಗ ತಮ್ಮ ಅವರಿಗೆ ಅದರ ಗುಟ್ಟು ಹೇಳಿದ. ಮೇಲೆ ಬಿದ್ದ ನೀರು ಮರಳುಗಲ್ಲಿನೊಳಗೆ ನಿಧಾನಕ್ಕೆ ಇಳಿಯುತ್ತದೆ, ಕೆಳಗೆ ನೀರು ಬಿಡದ ಗಟ್ಟಿ ಪದರ ಸಿಕ್ಕಾಗ ಅಡ್ಡಕ್ಕೆ ತಿರುಗಿ ಗೋಡೆಯಿಂದ ಜಿನುಗುತ್ತದೆ. ಅಪ್ಪ ಕೂಡಲೇ ಊರಿನ ಯಾವುದೋ ಬಂಡೆಯ ಒರತೆ ನೆನಪು ಮಾಡಿಕೊಂಡು ಅರ್ಧ ಗಂಟೆ ಮಾತಾಡಿದರು.

ಅವತ್ತು ಮಧ್ಯಾಹ್ನ ಮೂರರ ಒಳಗೆ ತಮ್ಮ ಮತ್ತೆ ಲಾಟರಿಗೆ ಅರ್ಜಿ ಒತ್ತಿದ. ಕಣಿವೆಯೊಳಗೆ ಫೋನ್ ಸಿಗ್ನಲ್ ಇಲ್ಲದಷ್ಟೇ. ಅದಕ್ಕಾಗಿ ಲಾಡ್ಜ್ ಹತ್ತಿರ ಇಳಿದು ಅರ್ಜಿ ಹಾಕಿ ಮುಂದೆ ಹೋದ. ಸಂಜೆ ಊರಿಗೆ ವಾಪಸ್ಸು ಬಂದಾಗ ಇಮೇಲ್ ಬಂದಿತ್ತು. ಸಿಕ್ಕಿದೆ, ಬೆಳಿಗ್ಗೆ 9ರ ಒಳಗಿನ ಹೊತ್ತು. ನಮ್ಮಿಬ್ಬರ ಹೆಸರಿಗೆ. ಪರ್ಮಿಟ್ ಅನ್ನು ಅಲ್ಲೇ ಫೋನಿಗೆ ಇಳಿಸಿಕೊಂಡೆವು. ರೇಂಜರ್ ಕೇಳಿದಾಗ ತೋರಿಸಬೇಕು, ಅಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದು ಗ್ರಾಟೋ ನಿಲ್ದಾಣದಲ್ಲಿ ಇಳಿದೆವು. ಹೋಗಿ ಬರಲು 5.4 ಮೈಲಿ, ಏರು ಹತ್ತಿರ ಹತ್ತಿರ 1,500 ಅಡಿ. ದಾರಿ 1920ರ ದಶಕದಲ್ಲಿ ಕಡಿದದ್ದು. ವಾಲ್ಟರ್ಸ್ ವಿಗಲ್ಸ್ ಎಂಬ 21 ಚೂಪಾದ ತಿರುವುಗಳು ಮುಗಿದರೆ ಸ್ಕೌಟ್ ಲುಕೌಟ್. ಇಲ್ಲಿಯವರೆಗೆ ಬರಲು ಪರ್ಮಿಟ್ ಬೇಡ. ಇದನ್ನು ಯಾಕೆ ಎತ್ತಿ ಹೇಳುತ್ತಿದ್ದೇನೆಂದರೆ, ಲಾಟರಿ ಸಿಗಲಿಲ್ಲ ಎಂದು ಇಡೀ ದಾರಿಯನ್ನೇ ಬಿಟ್ಟುಬಿಡುವವರು ಬಹಳ. ಕೊನೆಯ ಅರ್ಧ ಮೈಲಿಗೆ ಮಾತ್ರ ಪರ್ಮಿಟ್. ಸ್ಕೌಟ್ ಲುಕೌಟ್‌ನಿಂದ ಕಣಿವೆ ಪೂರ್ತಿ ಕಾಣುತ್ತದೆ. ನಾನು ಸರಪಳಿಯ ಮೊದಲ ಭಾಗ ಹತ್ತಿ, ಕೆಳಗೆ ನೋಡಿ, ಇಷ್ಟು ಸಾಕು ಎಂದು ಇಳಿದು ಬಂದು ಕೂತೆ. ಪರ್ಮಿಟ್ ಇದ್ದ ಮಾತ್ರಕ್ಕೆ ಹತ್ತಲೇಬೇಕು ಎಂದೇನಿಲ್ಲ. ತಮ್ಮ ತುದಿ ಮುಟ್ಟಿ ಬಂದ. ಅಮ್ಮನಿಗೆ ಫೋಟೋ ತೋರಿಸುವಾಗ ಅಂಚಿನವು ಬಿಟ್ಟು ಬೇರೆಯವನ್ನು ತೋರಿಸಿದ.

ನ್ಯಾರೋಸ್‌ಗೆ ಅದರ ಮಾರನೆಯ ದಿನ ಅವಕಾಶ ಸಿಕ್ಕಿತು. 'ನಿರೀಕ್ಷೆ ಇಲ್ಲ' ಎಂದಿತ್ತು, ನದಿಯ ಹರಿವೂ ಮಿತಿಗಿಂತ ಬಹಳ ಕೆಳಗಿತ್ತು. ಸ್ಪ್ರಿಂಗ್‌ಡೇಲ್‌ನ ಅಂಗಡಿಗಳಲ್ಲಿ ನೀರಿನಲ್ಲಿ ಜಾರದ ಬೂಟು, ನಿಯೋಪ್ರೀನ್ ಎಂಬ ರಬ್ಬರಿನ ಕಾಲುಚೀಲ, ಮರದ ಕೋಲು ಬಾಡಿಗೆಗೆ ಸಿಗುತ್ತವೆ. ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ, ಬೆಳಿಗ್ಗೆ ಸಾಲು ಇರುತ್ತದೆ. ಬೂಟು ಇಲ್ಲದಿದ್ದರೂ ನಡೆಯಬಹುದು, ಕೋಲು ಇಲ್ಲದೆ ನಡೆಯುವುದು ಬೇಡ. ತಳದ ಕಲ್ಲುಗಳು ದುಂಡಗೆ, ಜಾರು. ಕೆಸರು ನೀರಿನಲ್ಲಿ ಕಾಲು ಎಲ್ಲಿಡುತ್ತಿದ್ದೇವೆ ಎಂದು ಕಾಣುವುದಿಲ್ಲ, ಕೋಲೇ ಮುಂದೆ ಹೋಗಿ ಹುಡುಕಬೇಕು.

ಕೊನೆಯ ನಿಲ್ದಾಣದಿಂದ ನದಿಗೆ ಇಳಿಯುವ ಜಾಗದವರೆಗೆ ರಿವರ್‌ಸೈಡ್ ವಾಕ್, ಒಂದು ಮೈಲಿ, ಬಹುಪಾಲು ನೆರಳು. ಅಲ್ಲಿಯವರೆಗೆ ನಾಲ್ಕೂ ಜನ ಒಟ್ಟಿಗೆ ಹೋದೆವು. ನದಿ ಕಂಡರೆ ಅಮ್ಮ ಬೊಗಸೆ ನೀರು ಎತ್ತಿ ತಲೆಗೆ ಹಾಕಿಕೊಂಡು ಒಂದು ಗುಟುಕು ಕುಡಿಯುವವರು. ಇಲ್ಲಿ ಅದು ಆಗುವುದಿಲ್ಲ. ವಿಷಕಾರಿ ಸಯನೋಬ್ಯಾಕ್ಟೀರಿಯಾ ಇದೆ ಎಂದು 2020ರಿಂದ ಬೋರ್ಡ್ ಹಾಕಿದ್ದಾರೆ. ಆ ವರ್ಷ ಇದೇ ನದಿಯಲ್ಲಿ ಆಡಿದ ನಾಯಿಯೊಂದು ಸತ್ತಿತ್ತು. ತಲೆ ಮುಳುಗಿಸಬೇಡಿ, ಬಾಯಿಗೆ ಹಾಕಬೇಡಿ ಎನ್ನುತ್ತಾರೆ. ಮಾಮೂಲಿ ಫಿಲ್ಟರ್ ಕೂಡ ಈ ವಿಷಕ್ಕೆ ಸಾಲದು. ಅಮ್ಮ ಕಾಲು ತೊಳೆದುಕೊಂಡು, ಕೈ ಮುಗಿದು, ಬೆಂಚಿನ ಮೇಲೆ ಕೂತರು.

ಅಪ್ಪ ಕೂರಲಿಲ್ಲ. ಕೋಲು ಹಿಡಿದು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟರು. ಮೊದಲ ತಿರುವಿನವರೆಗೆ ಬಂದು, ಗೋಡೆ ಸವರಿ ನೋಡಿ, ವಾಪಸ್ಸು ಹೋದರು. ನಾವಿಬ್ಬರು ಮುಂದೆ ಹೋದೆವು. ಕೆಳಗಿನಿಂದ ಹತ್ತಿ ಅದೇ ದಾರಿಯಲ್ಲಿ ಹಿಂತಿರುಗಲು ಪರ್ಮಿಟ್ ಬೇಡ, ಬಿಗ್ ಸ್ಪ್ರಿಂಗ್ ಎಂಬ ಜಾಗದವರೆಗೆ ಹೋಗಬಹುದು. ನಾವು ಅಷ್ಟು ದೂರ ಹೋಗುವ ಲೆಕ್ಕ ಇಟ್ಟುಕೊಂಡಿರಲಿಲ್ಲ. ಗಂಟೆ ನೋಡಿಕೊಂಡು, ಅರ್ಧ ಸಮಯ ಮುಗಿದ ಕೂಡಲೇ ಎಲ್ಲಿದ್ದೇವೋ ಅಲ್ಲಿಂದ ತಿರುಗುವುದು ಎಂದು ಮೊದಲೇ ಮಾತಾಗಿತ್ತು. ಕಾಯುವವರು ಬೆಂಚಿನ ಮೇಲಿದ್ದಾಗ ಇದೇ ಸರಿಯಾದ ಲೆಕ್ಕ. ನೀರು ಸೆಪ್ಟೆಂಬರ್‌ನಲ್ಲೂ ತಣ್ಣಗೆ. ಬಿಸಿಲು ತಳಕ್ಕೆ ಬೀಳುವುದೇ ಸ್ವಲ್ಪ ಹೊತ್ತು. ಹೊರಗಿನ 30 ಡಿಗ್ರಿ ನಂಬಿ ತೆಳು ಅಂಗಿಯಲ್ಲಿ ಬಂದವರು ನಡುಗುತ್ತಿದ್ದರು.

ಹೊರಡುವ ದಿನ ಪೂರ್ವದ ಬಾಗಿಲಿನಿಂದ ಬ್ರೈಸ್ ಕಡೆ ಹೋದೆವು. ಆ ರಸ್ತೆಗೆ ಕಾರು ಬಿಡುತ್ತಾರೆ. 1930ರಲ್ಲಿ ತೆರೆದ 1.1 ಮೈಲಿ ಉದ್ದದ ಸುರಂಗ ಸಿಗುತ್ತದೆ. ಬಂಡೆಯಲ್ಲೇ ಕೊರೆದ ಕಿಟಕಿಗಳಿಂದ ಆಗಾಗ ಕಣಿವೆ ಮಿಂಚಿ ಹೋಗುತ್ತದೆ, ನಿಲ್ಲಿಸುವಂತಿಲ್ಲ. ಸುರಂಗ ದಾಟಿದ ಕೂಡಲೇ ಕ್ಯಾನ್ಯನ್ ಓವರ್‌ಲುಕ್, ಹೋಗಿ ಬರಲು ಒಂದೇ ಮೈಲಿ. ಆದರೆ ಕಾರು ನಿಲ್ಲಿಸಲು ಇರುವುದು ಕೈಬೆರಳಲ್ಲಿ ಎಣಿಸುವಷ್ಟು ಜಾಗ. ನಾವು ಬೆಳಿಗ್ಗೆ ಬೇಗ ಹೋದರೂ ತುಂಬಿತ್ತು. ಅಮ್ಮ ಕಾರಿನಿಂದಲೇ ನೋಡಿ, "ಇದನ್ನ ಹಾಳ್ಯಾಗ ಯಾವ ಕಡೆ ಬರದಿದ್ರಿ?" ಎಂದು ಕೇಳಿದರು. ಬಲಗಡೆ ಬರೆದಿದ್ದೆವು. ತಮ್ಮ ಪೆನ್ನು ತೆಗೆದು ಅದನ್ನು ಎಡಗಡೆಗೆ ಸೇರಿಸಿದ.